ಬೆಳಗಿನ ಐದೂವರೆಯ ಹಳ್ಳ

ಶುಕ್ರವಾರ

ಮಾಗಡಿ ರಸ್ತೆಯ ಬಸ್ಸು ಸುಮನಹಳ್ಳಿ ದಾಟುವಾಗ ಕಿಟಕಿ ಪಕ್ಕ ಕುಳಿತವರೆಲ್ಲ ಗಾಜು ಎಳೆದುಕೊಂಡರು. ಅಲ್ಲಿ ಹರಿಯುವುದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತದೆ ಎಂದು ನಂಬಿ ಜನ ಕೈಮುಗಿದ ನದಿಯನ್ನು ಈಗ ಮೂಗು ಮುಚ್ಚಿಕೊಂಡು ದಾಟುತ್ತೇವೆ. ನನ್ನ ಪಕ್ಕದಲ್ಲಿದ್ದ ಮೇಷ್ಟ್ರು ಗಾಜು ಎಳೆಯಲಿಲ್ಲ. ತೊಡೆಯ ಮೇಲಿದ್ದ ಮರದ ಪೆಟ್ಟಿಗೆಯನ್ನು ಎರಡು ಕೈಯಿಂದಲೂ ತಬ್ಬಿ ಹಿಡಿದು, “ಈ ನದಿಗೆ ಯಾವ ಪರೀಕ್ಷೆಯೂ ಬೇಕಿಲ್ಲ, ಮೂಗು ಸಾಕು. ನಿನ್ನ ಮಾವನ ಹಳ್ಳ ಹಾಗಲ್ಲ. ತಿಳಿಯಾಗಿದೆ ಎಂದು ಹೇಳಿದೆಯಲ್ಲ, ಅದಕ್ಕೇ ನನಗೆ ಅನುಮಾನ” ಎಂದರು.

ಮೇಷ್ಟ್ರು ನನಗೆ ಪಿಯುಸಿಯಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಎಪ್ಪತ್ತು ದಾಟಿದೆ. ನಾನು ಈಗ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಡಿಸೆಂಬರ್ ರಜೆಯಲ್ಲಿ ನಾಲ್ಕು ದಿನ ಮಾವನ ಊರಿಗೆ ಹೋಗಿ ಅಲ್ಲಿನ ಹಳ್ಳವನ್ನು ಸರಿಯಾಗಿ ನೋಡಿ ಬರೋಣ ಎಂದಾಗ, ಅವರು ಒಂದು ಮಾತೂ ಕೇಳದೆ ಪೆಟ್ಟಿಗೆ ಕಟ್ಟಿದರು.

ಹೋಗುವ ಕಾರಣ ಸೊಪ್ಪು. ಮಾವ ಹಳ್ಳದ ದಡದಲ್ಲಿ ಮುಕ್ಕಾಲು ಎಕರೆಯಲ್ಲಿ ದಂಟು, ಕೊತ್ತಂಬರಿ, ಮೆಂತ್ಯ ಬೆಳೆಯುತ್ತಾರೆ. ಕಿತ್ತ ಸೊಪ್ಪನ್ನು ಸಂಜೆ ಹಳ್ಳದಲ್ಲಿ ಅದ್ದಿ ತೊಳೆದು ಕಂತೆ ಕಟ್ಟಿದರೆ ನಸುಕಿಗೆ ಮುಂಚೆ ಅದು ಕೆ.ಆರ್. ಮಾರುಕಟ್ಟೆ ಸೇರುತ್ತದೆ. ಕಳೆದ ದೀಪಾವಳಿಯಲ್ಲಿ ಅತ್ತೆ ಕಳಿಸಿದ ಕೊತ್ತಂಬರಿ ಕಂತೆ ಬಿಚ್ಚಿದಾಗ ಸಣ್ಣದೊಂದು ವಾಸನೆ ಬಂದಿತ್ತು. ಕೊಳೆತ ವಾಸನೆ ಅಲ್ಲ, ಮುಚ್ಚಿಟ್ಟ ಒದ್ದೆ ಬಟ್ಟೆಯ ವಾಸನೆ. ಆ ಹಳ್ಳದಲ್ಲಿ ನಾನು ಏಡಿ ಹಿಡಿದು ಬೆಳೆದಿದ್ದೇನೆ. ಅದರ ನೀರನ್ನು ಬೊಗಸೆಯಲ್ಲಿ ಕುಡಿದಿದ್ದೇನೆ. ಅಂದಿನಿಂದ ಮನಸ್ಸಿಗೆ ಸಮಾಧಾನವಿರಲಿಲ್ಲ.

ಊರಿನ ಹೆಸರನ್ನು ಬರೆಯುವುದಿಲ್ಲ. ಹಾಲು, ಸೊಪ್ಪು ಮಾರಿ ಬದುಕುವ ಅರವತ್ತು ಮನೆಯ ಊರು. ನಮ್ಮಿಬ್ಬರ ನಾಲ್ಕು ದಿನದ ಅಳತೆಯಿಂದ ಅದಕ್ಕೆ ಕೆಟ್ಟ ಹೆಸರು ಅಂಟುವುದು ಬೇಡ. ತಾವರೆಕೆರೆಯಲ್ಲಿ ಇಳಿದು ಆಟೋದಲ್ಲಿ ಅರ್ಧ ಗಂಟೆ ಹೋದರೆ ಸಿಗುತ್ತದೆ ಎನ್ನುವಷ್ಟು ಸಾಕು. ಈ ಸೀಮೆಯ ಹಳ್ಳಗಳೆಲ್ಲ ಕೊನೆಗೆ ಸೇರುವುದು ಅರ್ಕಾವತಿಯನ್ನು. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.

ಎರಡು ಗಂಟೆಯ ಬಿಸಿಲಿಗೆ ಹಳ್ಳದ ಸೇತುವೆಯ ಬಳಿ ಇಳಿದೆವು. ರಾಗಿ ಕೊಯ್ಲು ಮುಗಿದು ಮೆದೆ ಹಾಕಿದ್ದರು. ಹಳ್ಳದಲ್ಲಿ ಮೊಣಕಾಲಿನ ಅರ್ಧಕ್ಕೂ ಬಾರದ ನೀರು ಹರಿಯುತ್ತಿತ್ತು. ತಳದ ಪ್ರತಿ ಕಲ್ಲೂ ಕಾಣುವಷ್ಟು ತಿಳಿ. ಕಲ್ಲುಗಳ ಮೇಲೆ ಹಸಿರು ಪಾಚಿ ಕೂದಲಿನಂತೆ ಉದ್ದಕ್ಕೆ ಬೆಳೆದು ನೀರಿನೊಂದಿಗೆ ಬಳುಕುತ್ತಿತ್ತು. ಆ ಪಾಚಿಯ ತುಂಬ ಸಣ್ಣ ಗುಳ್ಳೆಗಳು ಮುತ್ತು ಪೋಣಿಸಿದಂತೆ ಕುಳಿತಿದ್ದವು. ನನಗೆ ಚೆಂದ ಕಂಡಿತು. ಮೇಷ್ಟ್ರು ಅದನ್ನೇ ಬಹಳ ಹೊತ್ತು ನೋಡಿದರು.

ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯಲು ಮೇಷ್ಟ್ರು ನಂಬುವುದು ಹಳೆಯ ವಿಂಕ್ಲರ್ ವಿಧಾನವನ್ನು. 1888ರಲ್ಲಿ ಹಂಗೇರಿಯ ಲಾಯೋಷ್ ವಿಂಕ್ಲರ್ ಕಂಡುಹಿಡಿದದ್ದು. ಮೀಟರು ಕೈಕೊಡಬಹುದು, ಬಣ್ಣ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಬಾಟಲಿ ತುಂಬಿಸುವುದು. 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಓರೆ ಮಾಡಿ, ನೀರಿನೊಳಗೆ ನಿಧಾನವಾಗಿ ಮುಳುಗಿಸಿ, ಗಳಗಳ ಸದ್ದು ಬಾರದಂತೆ ತುಂಬಿಸಬೇಕು. ಬಿರಡೆಯನ್ನು ನೀರಿನೊಳಗೇ ಹಾಕಬೇಕು. ಒಳಗೆ ಸಾಸಿವೆಯಷ್ಟು ಗುಳ್ಳೆ ಉಳಿದರೂ ಆ ಗಾಳಿಯ ಆಮ್ಲಜನಕ ಲೆಕ್ಕಕ್ಕೆ ಸೇರಿಬಿಡುತ್ತದೆ. ಮಾವ ಪಂಚೆ ಎತ್ತಿ ಕಟ್ಟಿ ತಾವೇ ಇಳಿದರು. “ಐವತ್ತು ವರ್ಷದಿಂದ ಈ ಹಳ್ಳದಲ್ಲಿ ಬಿಂದಿಗೆ ತುಂಬಿಸಿದ್ದೇನೆ, ಒಂದು ಬಾಟಲಿ ತುಂಬಿಸಲಾರೆನೇ?” ಎಂದರು. ಮೂರು ಸಲವೂ ಗುಳ್ಳೆ ಉಳಿಯಿತು. ನಾಲ್ಕನೆಯದನ್ನು ಮೇಷ್ಟ್ರು ತುಂಬಿಸಿದರು.

ಮ್ಯಾಂಗನೀಸ್ ಸಲ್ಫೇಟ್ ಎರಡು ಮಿಲಿಲೀಟರ್, ಆಮೇಲೆ ಅಯೋಡೈಡ್ ಮತ್ತು ಅಜೈಡ್ ಸೇರಿದ ಕ್ಷಾರ ಎರಡು ಮಿಲಿಲೀಟರ್. ಬಿರಡೆ ಹಾಕಿ ತಲೆಕೆಳಗು ಮಾಡುತ್ತಲೇ ಬಾಟಲಿಯೊಳಗೆ ಕಾಫಿ ಬಣ್ಣದ ಮೋಡ ಎದ್ದಿತು. ಕಂದು ಗಾಢವಾದಷ್ಟೂ ಆಮ್ಲಜನಕ ಹೆಚ್ಚು. ಮೋಡ ತಳಕ್ಕೆ ಕುಳಿತ ಮೇಲೆ ಗಂಧಕಾಮ್ಲ ಹಾಕಿದಾಗ ಎಲ್ಲವೂ ಕರಗಿ ಜೇನಿನ ಬಣ್ಣಕ್ಕೆ ತಿರುಗಿತು. ಅದರಲ್ಲಿ 200 ಮಿಲಿಲೀಟರ್ ಅಳೆದು ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರು. ಬಣ್ಣ ಹುಲ್ಲಿನಷ್ಟು ತೆಳುವಾದಾಗ ಗಂಜಿಯ ನಾಲ್ಕು ಹನಿ ಹಾಕಿದರು. ಕಡುನೀಲಿ. ಮತ್ತೆ ಹನಿಗಳು. ನೀಲಿ ಥಟ್ಟನೆ ಮಾಯವಾದ ಕ್ಷಣಕ್ಕೆ ಬ್ಯುರೆಟ್ಟಿನ ಗೆರೆ ಓದಿದರು. ದ್ರಾವಣದ ಶಕ್ತಿಯನ್ನು ಮೊದಲೇ ಹೊಂದಿಸಿಟ್ಟಿದ್ದರಿಂದ ಎಷ್ಟು ಮಿಲಿಲೀಟರ್ ಖರ್ಚಾಯಿತೋ ಲೀಟರಿಗೆ ಅಷ್ಟು ಮಿಲಿಗ್ರಾಂ ಆಮ್ಲಜನಕ ಎಂದು ಲೆಕ್ಕ.

10.4.

ಸ್ನಾನಕ್ಕೆ ಯೋಗ್ಯ ಎನ್ನಲು 5 ಇದ್ದರೆ ಸಾಕು, ಸೋಂಕು ತೆಗೆದು ಕುಡಿಯುವ ನೀರಿನ ಮೂಲಕ್ಕೆ 6 ಇದ್ದರೆ ಸಾಕು. ನಾನು ಮಾವನಿಗೆ ಅದನ್ನು ಹೇಳಿದಾಗ ಅವರ ಮುಖ ಅರಳಿತು. “ನಾನು ಹೇಳಲಿಲ್ಲವೇ ಅವ್ವಾ! ಹಿಂದೆ ಒಮ್ಮೆ ಯಾರೋ ಜೀಪಿನಲ್ಲಿ ಬಂದು ಮಧ್ಯಾಹ್ನ ಎರಡು ಕ್ಯಾನು ತುಂಬಿಸಿಕೊಂಡು ಹೋದರು. ಅವರೂ ನೀರು ಚೆನ್ನಾಗಿದೆ ಎಂದೇ ಹೇಳಿದರು.”

ಮೇಷ್ಟ್ರು ನೀರಿನ ಆಮ್ಲ, ಕ್ಷಾರ ಗುಣವನ್ನು ತೋರಿಸುವ ಪಿಎಚ್ ಪಟ್ಟಿಯನ್ನು ಅದ್ದಿ ಬಣ್ಣ ಹೋಲಿಸುತ್ತಿದ್ದರು. 9. “ಗೌಡರೇ, ನೀರು ಇಪ್ಪತ್ತೇಳು ಡಿಗ್ರಿ ಬೆಚ್ಚಗಿದೆ. ನಾವು ಸಮುದ್ರಕ್ಕಿಂತ ಎಂಟುನೂರು ಮೀಟರಿಗೂ ಎತ್ತರದಲ್ಲಿದ್ದೇವೆ. ಇಂಥ ಕಡೆ ನೀರು ಗಾಳಿಯಿಂದ ತಾನಾಗಿ ಹಿಡಿದುಕೊಳ್ಳಬಲ್ಲ ಆಮ್ಲಜನಕ ಸುಮಾರು ಏಳು. ಉಳಿದದ್ದು ಎಲ್ಲಿಂದ ಬಂತು?” ಎಂದು ಪಾಚಿಯ ಮೇಲಿನ ಗುಳ್ಳೆಗಳತ್ತ ಕೈ ತೋರಿಸಿದರು. “ನಾಳೆ ಸೂರ್ಯ ಹುಟ್ಟುವ ಮುಂಚೆ ಬರೋಣ.”

ಖರ್ಚಾದ ರಾಸಾಯನಿಕವನ್ನೆಲ್ಲ ಒಂದು ಕ್ಯಾನಿಗೆ ಸುರಿದುಕೊಂಡು ಮನೆಗೆ ನಡೆದೆವು. ಹಳ್ಳಕ್ಕೆ ಒಂದು ಹನಿಯನ್ನೂ ಬಿಡಲಿಲ್ಲ.

ಶನಿವಾರ

ಮಾಗಡಿ ಸೀಮೆಯ ಅವರೆಕಾಯಿ ಹೆಸರುವಾಸಿ. ರಾತ್ರಿ ಹಿತಕಿದ ಬೇಳೆ ಸಾರಿಗೆ ಮುದ್ದೆ ಉಂಡು ಮಲಗಿದವರು ಐದು ಗಂಟೆಗೆ ಎದ್ದೆವು. ಸೊಗಡಿನ ಘಮ ಕೈಯಲ್ಲಿ ಇನ್ನೂ ಇತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದೆ ಟಾರ್ಚು ಹಿಡಿದು ಹೋಗುತ್ತಿದ್ದ ಮಾವನ ಕಂಬಳಿ ಮಾತ್ರ ಕಾಣುತ್ತಿತ್ತು.

ಸೇತುವೆಯ ಕೆಳಗೆ ಟಾರ್ಚು ಬಿಟ್ಟಾಗ ನಾನು ನಿಂತಲ್ಲೇ ನಿಂತೆ. ನೀರಿನ ಮೇಲ್ಮೈಯಲ್ಲಿ ನೂರಾರು ಸಣ್ಣ ಬಾಯಿಗಳು. ಕಿರುಬೆರಳಿನಷ್ಟು ಮೀನುಗಳು ತಲೆಯನ್ನು ಮೇಲಕ್ಕೆತ್ತಿ, ಮೈಯನ್ನು ಓರೆಯಾಗಿ ನಿಲ್ಲಿಸಿ, ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿದ್ದವು. ಬೆಳಕು ಬಿದ್ದರೂ ಓಡಲಿಲ್ಲ. ಓಡುವ ಶಕ್ತಿ ಅವಕ್ಕೆ ಇರಲಿಲ್ಲ. ಕಿವಿಗೊಟ್ಟರೆ ಪುಟ್ಟ ಪುಟ್ಟ ಸಪ್ಪಳ ಕೇಳಿಸುತ್ತಿತ್ತು, ಒಲೆಯ ಮೇಲೆ ಅನ್ನ ಕುದಿಯುವ ಹಾಗೆ.

“ಇದು ಚಳಿಗೆ,” ಎಂದರು ಮಾವ. “ಚಳಿಗಾಲದಲ್ಲಿ ಬೆಳಗಿನ ಜಾವ ಮೀನು ಮೇಲೆ ಬರುತ್ತವೆ. ನಾಲ್ಕೈದು ವರ್ಷದಿಂದ ನೋಡುತ್ತಿದ್ದೇನೆ. ಹುಡುಗರು ಬುಟ್ಟಿಯಲ್ಲಿ ಎತ್ತಿಕೊಳ್ಳುತ್ತಾರೆ.”

“ಅದಕ್ಕೆ ಮುಂಚೆ ಬರುತ್ತಿರಲಿಲ್ಲವೇ?”

ಮಾವ ಉತ್ತರ ಕೊಡಲಿಲ್ಲ. ಚಳಿ ನಾಲ್ಕೈದು ವರ್ಷದಿಂದ ಶುರುವಾದದ್ದಲ್ಲ.

ಬಾಟಲಿಯನ್ನು ಈ ಸಲ ನಾನು ತುಂಬಿಸಿದೆ. ನೀರು ಕೊರೆಯುತ್ತಿತ್ತು. ಮ್ಯಾಂಗನೀಸ್ ಹಾಕಿದೆ, ಕ್ಷಾರ ಹಾಕಿದೆ, ತಲೆಕೆಳಗು ಮಾಡಿದೆ. ನಿನ್ನೆ ಕಾಫಿ ಬಣ್ಣದ ಮೋಡ ಎದ್ದಿದ್ದ ಜಾಗದಲ್ಲಿ ಈಗ ಹಾಲು ಒಡೆದ ಹಾಗೆ ಬಿಳಿ ಬಿಳಿಯಾದ ಗಟ್ಟಿ ಎದ್ದು ನಿಧಾನವಾಗಿ ಕೆಳಗಿಳಿಯಿತು. ಅದರ ಅಂಚಿನಲ್ಲಿ ಮಾತ್ರ ಕೆನೆಯಷ್ಟು ಕಂದು. ಮೂವತ್ತು ವರ್ಷದ ಹಿಂದೆ ಪುಸ್ತಕದಲ್ಲಿ ಓದಿದ್ದೆ: ಆಮ್ಲಜನಕ ಇಲ್ಲದಿದ್ದರೆ ಬಿಳಿ ಉಳಿಯುತ್ತದೆ ಎಂದು. ಮಕ್ಕಳಿಗೂ ಬಾಯಿಪಾಠ ಹೇಳಿಕೊಟ್ಟಿದ್ದೇನೆ. ಕಣ್ಣಾರೆ ಕಂಡದ್ದು ಅವತ್ತೇ ಮೊದಲು, ಅದೂ ನಾನು ಏಡಿ ಹಿಡಿದು ಆಡಿದ ನೀರಿನಲ್ಲಿ. ಬಾಟಲಿ ಹಿಡಿದ ಕೈ ನಡುಗಿತು. ಚಳಿಯಿಂದಲೋ ಏನೋ ಎಂದು ಮೇಷ್ಟ್ರು ಅದನ್ನು ತೆಗೆದುಕೊಂಡರು.

ಜಗಲಿಯ ಮೇಲೆ ಬ್ಯುರೆಟ್ಟು ನಿಲ್ಲಿಸಿದೆವು. ಹತ್ತಾರು ಹನಿ ಬೀಳುವಷ್ಟರಲ್ಲಿ ನೀಲಿ ಹೋಯಿತು. 0.9. ಹನ್ನೆರಡು ಗಂಟೆಗೆ ಮತ್ತೆ ಅದೇ ಜಾಗದಲ್ಲಿ ತುಂಬಿಸಿದೆವು: 8.8. ಒಂದೇ ಸೇತುವೆ, ಒಂದೇ ಕಲ್ಲು, ಒಂದೇ ದಿನ.

ಮೇಷ್ಟ್ರು ಮಾವನಿಗೆ ಬಿಡಿಸಿ ಹೇಳಿದರು. ಹಗಲು ಬಿಸಿಲಿಗೆ ಪಾಚಿ ಆಹಾರ ತಯಾರಿಸುತ್ತ ಆಮ್ಲಜನಕ ಬಿಡುತ್ತದೆ. ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುವುದರಿಂದ ಪಿಎಚ್ ಏರುತ್ತದೆ. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ನಮ್ಮಂತೆ ಆಮ್ಲಜನಕ ಉಸಿರಾಡುತ್ತದೆ. ತಳದ ಕೊಳಕನ್ನು ತಿನ್ನುವ ಬ್ಯಾಕ್ಟೀರಿಯಾ ಹಗಲೂ ರಾತ್ರಿ ಉಸಿರಾಡುತ್ತಲೇ ಇರುತ್ತವೆ. ರಾತ್ರಿಯಿಡೀ ಖರ್ಚು, ಆದಾಯವಿಲ್ಲ. ಬೆಳಗಾಗುವ ಮುಂಚಿನ ಹೊತ್ತಿಗೆ ಗಂಟು ಬರಿದಾಗಿರುತ್ತದೆ. ಮೀನು ಸಾಯುವುದು ಆ ಹೊತ್ತಿನಲ್ಲಿ. ಹಾಗೆಂದು ಮಧ್ಯಾಹ್ನವೂ ಅವಕ್ಕೆ ಪೂರ್ತಿ ಸುಖವಿಲ್ಲ. ಪಿಎಚ್ ಒಂಬತ್ತಕ್ಕೆ ಏರಿದಾಗ ನೀರಿನಲ್ಲಿರುವ ಅಮೋನಿಯಂ ಹೆಚ್ಚು ಹೆಚ್ಚಾಗಿ ಅಮೋನಿಯ ಅನಿಲದ ರೂಪಕ್ಕೆ ತಿರುಗುತ್ತದೆ. ಮೀನಿಗೆ ವಿಷವಾಗುವುದು ಆ ರೂಪ.

ಮಾವ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಜೀಪಿನವರು ಹನ್ನೊಂದು ಗಂಟೆಗೆ ಬಂದರೆ ಈ ಹಳ್ಳ ಯಾವತ್ತೂ ಪಾಸು” ಎಂದರು.

ನನ್ನ ಮಟ್ಟಿಗೆ ನಾಲ್ಕು ದಿನದಲ್ಲಿ ಯಾರೂ ಆಡಿದ ಮಾತಿನಲ್ಲಿ ಇದೇ ಮುಖ್ಯವಾದದ್ದು. ಮಾದರಿ ತೆಗೆದ ಕಾಗದದ ಮೇಲೆ ದಿನಾಂಕ ಇರುತ್ತದೆ, ಸ್ಥಳ ಇರುತ್ತದೆ. ಗಂಟೆಯನ್ನು ಎಷ್ಟು ಜನ ನೋಡುತ್ತಾರೆ? ಪಾಚಿ ಹಿಡಿದ ಸಣ್ಣ ಹಳ್ಳದಲ್ಲಿ ಗಂಟೆ ಬರೆಯದ ಆಮ್ಲಜನಕದ ಅಂಕಿಗೆ ನನ್ನ ಲೆಕ್ಕದಲ್ಲಿ ಬೆಲೆಯಿಲ್ಲ.

ಮಧ್ಯಾಹ್ನ ಹರಿವು ಅಳೆದೆವು. ಹತ್ತು ಮೀಟರ್ ನೇರವಾಗಿರುವ ಜಾಗ ಹುಡುಕಿ ಎರಡು ಕಡೆ ಹಗ್ಗ ಕಟ್ಟಿ ಒಂದು ಕಿತ್ತಳೆ ಹಣ್ಣನ್ನು ತೇಲಿಬಿಟ್ಟೆವು. ಕಿತ್ತಳೆ ಹೆಚ್ಚು ಭಾಗ ಮುಳುಗಿಯೇ ತೇಲುವುದರಿಂದ ಗಾಳಿ ಅದನ್ನು ತಳ್ಳುವುದಿಲ್ಲ. ಐದು ಸಲದ ಸರಾಸರಿ ನಲವತ್ತು ಸೆಕೆಂಡು. ಅಗಲ ಒಂದೂವರೆ ಮೀಟರ್, ಆಳ ಸರಾಸರಿ ಹತ್ತು ಸೆಂಟಿಮೀಟರ್. ಮೇಲಿನ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ವೇಗವನ್ನು 0.85ರಿಂದ ಗುಣಿಸಬೇಕು. ಸೆಕೆಂಡಿಗೆ ಸುಮಾರು 32 ಲೀಟರ್ ಬಂತು. ದಿನಕ್ಕೆ ಇಪ್ಪತ್ತೇಳು ಲಕ್ಷ ಲೀಟರ್. ಮಾವ ಆ ಅಂಕಿಯನ್ನು ಎರಡು ಸಲ ಹೇಳಿಸಿಕೊಂಡರು.

ಸೇತುವೆಯ ಕೆಳಗಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಕೆಸರಿನಲ್ಲಿ ರಕ್ತಗೆಂಪು ಹುಳುಗಳು ನುಲಿಯುತ್ತಿದ್ದವು. ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆ ಇರುವ ಕಡೆಯೂ ಬದುಕುತ್ತವೆ. ಬೇರೆ ಒಂದು ಜೀವವೂ ಸಿಗಲಿಲ್ಲ. ಏಡಿ ಇಲ್ಲವೇ ಇಲ್ಲ.

ಭಾನುವಾರ

ಹಳ್ಳ ಹಿಡಿದು ಮೇಲಕ್ಕೆ ನಡೆದೆವು. ಕೆಳಗಿನಿಂದ ಮೇಲಕ್ಕೇ ಹೋಗಬೇಕು, ಇಲ್ಲವಾದರೆ ನಾವೇ ಕಲಕಿದ ನೀರನ್ನು ನಾವೇ ತುಂಬಿಸಿಕೊಳ್ಳುತ್ತೇವೆ. ಇನ್ನೂರು ಹೆಜ್ಜೆಗೊಮ್ಮೆ ಟಿಡಿಎಸ್ ಮೀಟರ್ ಅದ್ದುವುದು ನನ್ನ ಕೆಲಸ. ಪೆನ್ನಿನಷ್ಟು ದೊಡ್ಡ ಈ ಮೀಟರು ಕೊಳಕನ್ನು ಹಿಡಿಯುವುದಿಲ್ಲ, ಕರಗಿದ ಲವಣವನ್ನಷ್ಟೇ ಹೇಳುತ್ತದೆ. ಆದರೆ ಹೊಸ ನೀರು ಎಲ್ಲಿ ಬಂದು ಸೇರಿತು ಎಂಬುದನ್ನು ಪತ್ತೆ ಹಚ್ಚಲು ಅದಕ್ಕಿಂತ ಸುಲಭದ ಸಾಧನ ನನಗೆ ಗೊತ್ತಿಲ್ಲ. ಅಂಕಿ ಎಲ್ಲಿ ಜಿಗಿಯುತ್ತದೋ ಅಲ್ಲಿ ದಡ ಹತ್ತಿ ನೋಡಬೇಕು.

ಸೇತುವೆಯಲ್ಲಿ 620. ಮಾವನ ತೋಟದ ಬಳಿ 630. ಊರಿನ ಬಚ್ಚಲು ನೀರು ಸೇರುವ ಮೋರಿಯ ಮೇಲ್ಗಡೆ 590. ನಾನು ಎಲ್ಲ ತಪ್ಪು ಆ ಮೋರಿಯದ್ದೇ ಎಂದುಕೊಂಡು ಬಂದಿದ್ದೆ. ಅದರ ಪಾಲು ಸಣ್ಣದು. ಅಲ್ಲಿಂದ ಮುಂದೆ ಹೊಸ ಬಡಾವಣೆಯ ಕಲ್ಲು ನೆಟ್ಟ ಬಯಲು, ಇನ್ನೂ ಮನೆ ಎದ್ದಿಲ್ಲ. 600. ನೀಲಗಿರಿ ತೋಪು. 600. ಲಂಟಾನ ಪೊದೆ ಸರಿಸಿಕೊಂಡು ಒಂದು ತಿರುವು ದಾಟಿದೆವು.

240.

ಮೀಟರು ಕೆಟ್ಟಿತೆಂದು ಮೂರು ಸಲ ಅದ್ದಿದೆ. ಹಿಂದಕ್ಕೆ ಬಂದೆವು. ತಿರುವಿನ ಎಡದಂಡೆಯಲ್ಲಿ, ಪೊದೆಯ ಬುಡದಲ್ಲಿ, ಬಂಡೆಯ ಬಿರುಕಿನಿಂದ ಬೂದು ಬಣ್ಣದ ನೀರು ಸದ್ದಿಲ್ಲದೆ ಒಸರುತ್ತಿತ್ತು. ಅದು ಹಳ್ಳ ಸೇರುವ ಕಡೆ ಬಿಳಿ ಹತ್ತಿಯ ಎಳೆಗಳಂಥ ಬೂಷ್ಟು ಕಲ್ಲುಗಳಿಗೆ ಅಂಟಿಕೊಂಡಿತ್ತು. ದಂಡೆ ಹತ್ತಿದರೆ ಮೇಲೆ ಕೈಬಿಟ್ಟ ಕಲ್ಲುಕ್ವಾರಿ. ಅದರ ಅಂಚಿನವರೆಗೂ ಟ್ಯಾಂಕರಿನ ಚಕ್ರದ ಗುರುತು, ಒಂದರ ಮೇಲೊಂದು. ಗುಂಡಿಯಲ್ಲಿ ಕಪ್ಪು ನೀರು. ಬೆಂಗಳೂರಿನ ಒಳಚರಂಡಿ ಮುಟ್ಟದ ಬಡಾವಣೆಗಳಲ್ಲಿ ಮನೆಮನೆಯ ಶೌಚಗುಂಡಿ ಖಾಲಿ ಮಾಡುವ ಟ್ಯಾಂಕರುಗಳು ತಮ್ಮ ಹೊರೆ ಇಳಿಸುವುದು ಇಂಥ ಕಡೆ. ಬಡಾವಣೆಯ ಮನೆಯೊಡತಿ ದುಡ್ಡು ಕೊಟ್ಟು ಗುಂಡಿ ಖಾಲಿಯಾಯಿತು ಎಂದು ನಿಟ್ಟುಸಿರು ಬಿಡುತ್ತಾಳೆ. ನಾನೂ ಬಿಟ್ಟಿದ್ದೇನೆ. ಹತ್ತು ವರ್ಷ ನಾವಿದ್ದ ಬಾಡಿಗೆ ಮನೆಗೂ ಚರಂಡಿ ಇರಲಿಲ್ಲ. ಆ ಟ್ಯಾಂಕರು ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ.

ಮಾವನಿಗೆ ಕ್ವಾರಿಯ ವಿಷಯ ಗೊತ್ತಿತ್ತು. “ಮೊದಲು ಬಾಳೆ ತೋಟಗಳಿಗೆ ಬಿಡಿಸಿಕೊಳ್ಳುತ್ತಿದ್ದರು, ಒಳ್ಳೆಯ ಗೊಬ್ಬರ. ನಾನೂ ಎರಡು ಲೋಡು ಹಾಕಿಸಿದ್ದೆ. ಈಗ ಬರುವ ಟ್ಯಾಂಕರು ಜಾಸ್ತಿ, ತೋಟ ಕಡಿಮೆ. ಕ್ವಾರಿ ಕಲ್ಲಿನ ಗುಂಡಿಯಲ್ಲವೇ, ಅಲ್ಲೇ ಇರುತ್ತದೆ ಎಂದುಕೊಂಡಿದ್ದೆವು” ಎಂದರು. ಸಿಡಿಮದ್ದು ಹಾಕಿ ಒಡೆದ ಕಲ್ಲು. ಮೈಯೆಲ್ಲ ಬಿರುಕು.

ಮೇಷ್ಟ್ರು ಅಲ್ಲೇ ಬಂಡೆಯ ಮೇಲೆ ಕುಳಿತು ನೋಟ್‌ಬುಕ್ಕು ತೆಗೆದರು. ಟ್ಯಾಂಕರಿನಲ್ಲಿ 5,000 ಲೀಟರ್ ಎನ್ನೋಣ. ಶೌಚಗುಂಡಿಯ ಕೊಳಕನ್ನು ಬ್ಯಾಕ್ಟೀರಿಯಾ ತಿಂದು ಮುಗಿಸಲು ಲೀಟರಿಗೆ ಸಾವಿರಾರು ಮಿಲಿಗ್ರಾಂ ಆಮ್ಲಜನಕ ಬೇಕು. 5,000 ಎಂದು ಇಟ್ಟುಕೊಂಡರೆ ಒಂದು ಲೋಡಿಗೆ 25 ಕಿಲೋ. ನಿನ್ನೆ ಅಳೆದ ಹಳ್ಳ ದಿನಕ್ಕೆ 27 ಲಕ್ಷ ಲೀಟರ್. ಒಂದೊಂದು ಲೀಟರಿನಲ್ಲಿ ಏಳು ಮಿಲಿಗ್ರಾಂ ತುಂಬಿಕೊಂಡು ಹರಿದರೂ ಇಡೀ ದಿನದ ಆಮ್ಲಜನಕ 19 ಕಿಲೋ. “ಹರಿಯುವಾಗ ನೀರು ಗಾಳಿಯಿಂದ ಮತ್ತೆ ತುಂಬಿಕೊಳ್ಳುತ್ತದೆ, ಗುಂಡಿಯದೆಲ್ಲ ಒಂದೇ ದಿನ ಒಸರುವುದೂ ಇಲ್ಲ. ಅದರಿಂದಲೇ ಇನ್ನೂ ಮೀನು ಉಳಿದಿವೆ” ಎಂದರು. ಚಕ್ರದ ಗುರುತುಗಳನ್ನು ಎಣಿಸಲು ಹೋಗಿ ನಾನು ಬಿಟ್ಟೆ.

ಕ್ವಾರಿಯ ಮೇಲ್ಗಡೆಯ ಹಳ್ಳ ಬೇರೆಯೇ ಲೋಕ. ಹೊಂಗೆ, ಹೊಳೆಮತ್ತಿಗಳ ನೆರಳು. ಒಂದು ಕಲ್ಲು ಎತ್ತಿದೆ. ಅದರ ಅಡಿಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಮೇಫ್ಲೈ ಮರಿ, ಬಾಲದಲ್ಲಿ ಮೂರು ಎಳೆ. ಹೊಟ್ಟೆಯ ಎರಡೂ ಬದಿಯಲ್ಲಿ ಎಲೆಯಂಥ ಪುಟ್ಟ ಕಿವಿರುಗಳು ಬೀಸಣಿಗೆಯಂತೆ ಬಡಿದುಕೊಳ್ಳುತ್ತಿದ್ದವು. ಅದರ ಪಕ್ಕದಲ್ಲಿ ಮರಳಿನ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳು. ಇವೆರಡೂ ಉಸಿರಿಗೆ ತೊಂದರೆಯಾದರೆ ಮೊದಲು ಜಾಗ ಖಾಲಿ ಮಾಡುವ ಜೀವಗಳು. ಮೀಟರು ಆ ಕ್ಷಣದ ಮಾತು ಹೇಳುತ್ತದೆ, ಈ ಹುಳುಗಳು ತಿಂಗಳುಗಟ್ಟಲೆ ಅಲ್ಲೇ ಇದ್ದು ಹಗಲು ರಾತ್ರಿಯ ಸಾಕ್ಷಿ ಹೇಳುತ್ತವೆ. ಕಲ್ಲನ್ನು ಇದ್ದ ಹಾಗೆಯೇ ಮೆಲ್ಲನೆ ಇಟ್ಟೆ. ಮುಂದಿನ ಗುಂಡಿಯಲ್ಲಿ ಒಂದು ಏಡಿ ಕೊಂಬು ಎತ್ತಿ ನನ್ನನ್ನು ಹೆದರಿಸಿತು. ನನಗೆ ಅಳು ಬಂತು.

ಬಂಡೆಯ ಬುಡದ ಊಟೆಯಲ್ಲಿ ಮೀಟರು 110 ತೋರಿಸಿತು. ಮೇಲೆ ಹತ್ತಿ ನಿಂತರೆ ದೂರದಲ್ಲಿ ಸಾವನದುರ್ಗದ ಕಲ್ಲುಗುಡ್ಡ. ಉತ್ತರದ ಕಡೆ ಕಣ್ಣಿಗೆ ಬೀಳದಷ್ಟು ಆಚೆ ತಿಪ್ಪಗೊಂಡನಹಳ್ಳಿಯ ಜಲಾಶಯ. ಅರ್ಕಾವತಿ, ಕುಮುದ್ವತಿ ಕೂಡುವ ಕಡೆ 1933ರಲ್ಲಿ ಕಟ್ಟಿ ಬೆಂಗಳೂರಿಗೆ ದಶಕಗಳ ಕಾಲ ಕುಡಿಸಿದ ನೀರು. ಆ ಜಲಾನಯನವನ್ನು ಉಳಿಸಲು ಸರ್ಕಾರ 2003ರಲ್ಲಿ ಆದೇಶವನ್ನೂ ಹೊರಡಿಸಿತು. 1974ರಿಂದ ಕಾವೇರಿ ನೀರು ಬರತೊಡಗಿದ ಮೇಲೆ ನಾವು ನಗರದವರು ಹತ್ತಿರದ ಹಳ್ಳಗಳ ಕಡೆ ತಿರುಗಿ ನೋಡುವುದನ್ನೇ ಬಿಟ್ಟೆವು. ಕುಡಿಯುವವರು ನೋಡದಿದ್ದರೆ ಟ್ಯಾಂಕರಿನವನು ಏಕೆ ನೋಡುತ್ತಾನೆ?

ಸೋಮವಾರ

ನಸುಕಿನಲ್ಲಿ ಮೂರು ಕಡೆಯ ನೀರನ್ನು ತುಂಬಿಸಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯೊಳಗೆ ಹೂತಿಟ್ಟೆವು. ನೀರಿನ ಕೊಳಕನ್ನು ತಿನ್ನಲು ಬ್ಯಾಕ್ಟೀರಿಯಾಕ್ಕೆ ಎಷ್ಟು ಆಮ್ಲಜನಕ ಬೇಕು ಎಂದು ಅಳೆಯುವ ಬಿಒಡಿ ಪರೀಕ್ಷೆಗೆ ಇಪ್ಪತ್ನಾಲ್ಕು ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು.

ಹೊರಡುವ ಮುಂಚೆ ಎರಡು ಕೆಲಸ ಉಳಿದಿದ್ದವು. ಶನಿವಾರ ಮೂರು, ಭಾನುವಾರ ಕ್ವಾರಿಯ ಮೇಲ್ಗಡೆಯದೊಂದು, ಹೀಗೆ ನಾಲ್ಕು ಸಣ್ಣ ಸೀಸೆಗಳಲ್ಲಿ ನೀರು ತುಂಬಿಸಿ ಬಚ್ಚಲಮನೆಯ ಹಂಡೆಯ ಮೇಲಿನ ಗೂಡಿನಲ್ಲಿ ಇಟ್ಟಿದ್ದೆ. ಮಲದ ಬ್ಯಾಕ್ಟೀರಿಯಾ ಇದ್ದರೆ ಸೀಸೆಯೊಳಗಿನ ಪಟ್ಟಿಯ ಮದ್ದು ಕಪ್ಪಾಗುತ್ತದೆ, ಅದಕ್ಕೆ ಬೆಚ್ಚಗಿನ ಜಾಗ ಬೇಕು. ಸೇತುವೆಯ ನೀರು, ತೋಟದ ಬಳಿಯ ನೀರು ಭಾನುವಾರ ಬೆಳಗಾಗುವಷ್ಟರಲ್ಲೇ ಇದ್ದಿಲಿನಂತೆ ಕಪ್ಪು. ಕ್ವಾರಿಯ ಮೇಲ್ಗಡೆಯದೂ ಸೋಮವಾರ ಬೆಳಗ್ಗೆ ಕಪ್ಪಾಗಿತ್ತು. ಅಲ್ಲಿ ದನ ನೀರಿಗಿಳಿಯುತ್ತವೆ. ಬೊಗಸೆಯಲ್ಲಿ ಕುಡಿದ ನನ್ನ ಬಾಲ್ಯದ ನೀರೂ ಅಷ್ಟೇನೂ ಶುದ್ಧವಾಗಿರಲಿಕ್ಕಿಲ್ಲ. ಮನೆಯ ನಲ್ಲಿಗೆ ಬರುವ ಕೊಳವೆಬಾವಿಯ ನೀರು ಮಾತ್ರ ಕಪ್ಪಾಗಲಿಲ್ಲ. ಅತ್ತೆಗೆ ಸಮಾಧಾನವಾಯಿತು.

ಎರಡನೆಯ ಕೆಲಸ ಆ ಸಮಾಧಾನವನ್ನು ಕೆಡಿಸಿತು. ಜಲ ಜೀವನ್ ಮಿಷನ್ ಅಡಿಯಲ್ಲಿ ಊರೂರಲ್ಲಿ ಹೆಂಗಸರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಟ್ಟು ಕಿಟ್ ಕೊಟ್ಟಿದ್ದಾರೆ. ಅಂಥ ತರಬೇತಿ ಪಡೆದ ಹೆಣ್ಣುಮಗಳೊಬ್ಬಳು ಪಕ್ಕದ ಬೀದಿಯಲ್ಲೇ ಇದ್ದಳು. ಸಂಕೋಚದಿಂದಲೇ ಬಂದವಳು ಕೆಲಸಕ್ಕೆ ಕುಳಿತ ಮೇಲೆ ನನಗಿಂತ ಚೊಕ್ಕವಾಗಿ ಮಾಡಿದಳು. ನಲ್ಲಿಯ ನೀರಿಗೆ ನೈಟ್ರೇಟಿನ ಮದ್ದು ಬೆರೆಸಿ ಕಾಯ್ದಳು. ಗುಲಾಬಿ ಬಣ್ಣ ಏರುತ್ತ ಏರುತ್ತ ಬಣ್ಣದ ಹಾಳೆಯಲ್ಲಿ 45ರ ಚೌಕವನ್ನು ದಾಟಿ ಮುಂದಿನ ಚೌಕದ ಹತ್ತಿರ ನಿಂತಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮಿತಿ.

ಮಾವನ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮಗುವಿಗೆ ಮೂರು ತಿಂಗಳು. ಎದೆಹಾಲು ಸಾಲದೆ ಪುಡಿಹಾಲು ಕಲೆಸುತ್ತಿದ್ದರು, ಇದೇ ನಲ್ಲಿಯ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ. ಕುದಿಸಿದರೆ ಕ್ರಿಮಿ ಸಾಯುತ್ತದೆ. ನೈಟ್ರೇಟು ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತದೆ. ಆರು ತಿಂಗಳೊಳಗಿನ ಮಗುವಿನ ದೇಹದಲ್ಲಿ ಅದು ರಕ್ತ ಆಮ್ಲಜನಕ ಹೊರುವುದನ್ನೇ ತಡೆಯಬಲ್ಲದು, ಮೈ ನೀಲಿಗಟ್ಟುತ್ತದೆ. ಮೇಷ್ಟ್ರು ಇದನ್ನು ಹೆದರಿಸದೆ, ಮೆಲ್ಲಗೆ, ಅತ್ತೆಗೆ ಅರ್ಥವಾಗುವ ಹಾಗೆ ಹೇಳಿದರು. “ತಾಯಿ, ಮಗು ಚೆನ್ನಾಗಿದೆ. ಇವತ್ತಿನಿಂದ ಅದರ ಹಾಲಿಗೆ ಶುದ್ಧ ನೀರಿನ ಘಟಕದ ನೀರನ್ನೇ ಕುದಿಸಿ ಬಳಸಿ. ಆ ಯಂತ್ರ ನೈಟ್ರೇಟನ್ನು ಸೋಸುತ್ತದೆ. ವೈದ್ಯರಿಗೂ ಒಮ್ಮೆ ತೋರಿಸಿಬಿಡಿ.” ಈ ನೈಟ್ರೇಟು ಹಳ್ಳದಿಂದಲೇ ಬಂತು ಎನ್ನಲು ನಮ್ಮ ಬಳಿ ಆಧಾರವಿಲ್ಲ. ಊರಿನ ಶೌಚಗುಂಡಿಗಳಿವೆ, ತಿಪ್ಪೆಗಳಿವೆ, ಹೊಲಕ್ಕೆ ಸುರಿದ ಯೂರಿಯಾ ಇದೆ. ಅತ್ತೆ ಅದನ್ನೆಲ್ಲ ಕೇಳಲು ನಿಲ್ಲಲಿಲ್ಲ. ಕ್ಯಾನು ಎತ್ತಿಕೊಂಡು ಘಟಕದ ಕಡೆ ಹೊರಟೇ ಬಿಟ್ಟರು.

ಬಸ್ಸಿನಲ್ಲಿ ಮಂಜುಗಡ್ಡೆ ಕರಗಿ ನನ್ನ ಸೀರೆ ತೊಯ್ದಿತು. ಮೇಷ್ಟ್ರು ಹಿಂದೆ ಪಾಠ ಹೇಳಿದ ಕಾಲೇಜಿನ ಪ್ರಯೋಗಾಲಯದಲ್ಲಿ ಸಂಜೆಯೊಳಗೆ ಬಾಟಲಿಗಳು 27 ಡಿಗ್ರಿಯ ಕತ್ತಲೆ ಪೆಟ್ಟಿಗೆ ಸೇರಿದವು. ಮೂರು ದಿನ ಕಾಯಬೇಕು.

ಗುರುವಾರ

ಬಿಒಡಿ ಅಂಕಿಗಳು ಬಂದವು, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಕ್ವಾರಿಯ ಮೇಲ್ಗಡೆ 2. ಒಸರಿನ ಕೆಳಗೆ 41. ಸೇತುವೆಯಲ್ಲಿ 18. ಸ್ನಾನಕ್ಕೆ ಯೋಗ್ಯ ನೀರಿನ ಮಿತಿ 3. ಮಾವ ಸೊಪ್ಪು ತೊಳೆಯುವ ಜಾಗ ಒಸರಿಗೂ ಸೇತುವೆಗೂ ನಡುವೆ ಇದೆ.

ಫೋನು ಮಾಡಿದಾಗ ಮಾವ ತಡೆದು ತಡೆದು ಮಾತನಾಡಿದರು. ಸೊಪ್ಪನ್ನು ಇನ್ನು ಕೊಳವೆಬಾವಿಯ ನೀರಿನಲ್ಲೇ ತೊಳೆಯುತ್ತಾರಂತೆ. ಕರೆಂಟು ಬರುವ ಹೊತ್ತಿಗೆ ಕಾಯಬೇಕು, ಒಂದು ಕೊಯ್ಲು ತಡವಾದರೆ ಮಾರುಕಟ್ಟೆ ತಪ್ಪುತ್ತದೆ. ಆದರೂ ತೊಳೆಯುತ್ತಾರಂತೆ. ಗಿಡಕ್ಕೆ ಹಾಯಿಸಲು ಮಾತ್ರ ಹಳ್ಳದ ನೀರು ಬಿಟ್ಟರೆ ಗತಿಯಿಲ್ಲ. ಎಲೆಗೆ ಎರಚದೆ ಬುಡಕ್ಕೆ ಮಾತ್ರ ಬಿಡಿ, ಕೀಳುವ ವಾರದ ಮುಂಚೆ ನಿಲ್ಲಿಸಿ ಎಂದೆ. ಕ್ವಾರಿಯ ದಾರಿಗೆ ಅಡ್ಡಲಾಗಿ ಗುಂಡುಕಲ್ಲು ಉರುಳಿಸುವ ಮಾತು ಊರಿನಲ್ಲಿ ನಡೆದಿದೆಯಂತೆ. ನಮ್ಮ ಅಂಕಿಗಳನ್ನು ಗಂಟೆ ಸಮೇತ ಬರೆದು ಪಂಚಾಯಿತಿಗೆ ಕೊಡಲು ಒಂದು ಪ್ರತಿ ಕೇಳಿದರು. ಟ್ಯಾಂಕರು ಇಲ್ಲಿ ನಿಂತರೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ನಾನು ಎತ್ತಿದೆ. ಇಬ್ಬರಿಗೂ ಉತ್ತರ ತಿಳಿಯಲಿಲ್ಲ.

ಮೇಷ್ಟ್ರು ಹೊರಡುವಾಗ ಎರಡು ಖಾಲಿ ಬಾಟಲಿಗಳನ್ನೂ ಮೊದಲ ಎರಡು ಮದ್ದಿನ ಸೀಸೆಗಳನ್ನೂ ಜಗಲಿಯ ಗೂಡಿನಲ್ಲಿ ಬಿಟ್ಟುಬಂದಿದ್ದರು. ಅದು ನನಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಬೆಳಗಿನ ಆರು ಗಂಟೆಗೆ ಫೋನು ಬಂತು. ಆ ಕಡೆಯಿಂದ ಹಳ್ಳದ ಸದ್ದು, ಮಾವನ ಏದುಸಿರು.

“ಅವ್ವಾ, ಐದೂವರೆಗೆ ಸರಿಯಾಗಿ ತುಂಬಿಸಿದ್ದೇನೆ. ಒಂದು ಗುಳ್ಳೆಯೂ ಇಲ್ಲ, ಟಾರ್ಚು ಬಿಟ್ಟು ನೋಡಿಕೊಂಡೆ. ಎರಡೂ ಮದ್ದು ಹಾಕಿ ಅಲ್ಲಾಡಿಸಿದೆ. ಇವತ್ತೂ ಬಿಳಿಯೇ.”